ಮಾತ್ರೆ ನೆನಪಿಸುವ ಮೊಬೈಲ್: ಒಂದೇ ತಂಡ, ಎರಡು ಉತ್ತರ. ನಮ್ಮ ಹಳ್ಳಿಗೆ ಯಾವುದನ್ನು ನಂಬಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಸಾರ್ವಜನಿಕ ಆರೋಗ್ಯದಲ್ಲಿ ಎಂಪಿಎಚ್ ಓದುತ್ತಿದ್ದೇನೆ, ಊರು ತೀರ್ಥಹಳ್ಳಿ ತಾಲ್ಲೂಕು. ನಮ್ಮ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ರೋಗಿಗಳ ಜೊತೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಮೊಬೈಲಿಗೆ ನೆನಪಿನ ಸಂದೇಶ ಕಳಿಸಿದರೆ ಅವರು ಮಾತ್ರೆಯನ್ನು ತಪ್ಪದೆ ನುಂಗುತ್ತಾರಾ? ಇದು ನನ್ನ ಪ್ರಶ್ನೆ.

ಈ ವಿಷಯದಲ್ಲಿ ಕೆಲಸ ಮಾಡಿದ ಒಬ್ಬರ ಲೇಖನಗಳನ್ನು ಮೊದಲಿಂದ ಕೊನೆತನಕ ಓದು, ಆಮೇಲೆ ಯೋಜನೆ ಬರಿ ಅಂತ ನಮ್ಮ ಗೈಡ್ ಹೇಳಿದರು. ನಾನು ಡಾ. ಅನಿತಾ ಶೆಟ್ ಮತ್ತು ಅವರ ತಂಡದ ಲೇಖನಗಳನ್ನು ಹಿಡಿದುಕೊಂಡೆ. ಬೆಂಗಳೂರಿನಲ್ಲಿ ಎಚ್‌ಐವಿ ರೋಗಿಗಳ ಜೊತೆ ನಡೆದ ಕೆಲಸ, ನಮ್ಮ ರಾಜ್ಯದ್ದೇ ಅನುಭವ. 2012ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದದ್ದು ಹೀಗಿದೆ: 150 ಜನಕ್ಕೆ ಆರು ತಿಂಗಳು ವಾರಕ್ಕೊಂದು ಯಾಂತ್ರಿಕ ಧ್ವನಿ ಕರೆ, ಜೊತೆಗೆ ಒಂದು ಚಿತ್ರ ಸಂದೇಶ. ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರು ಶೇ. 85 ಇದ್ದದ್ದು ಶೇ. 91 ಆಯಿತು. ಖುಷಿಯಾಯಿತು. ಆಮೇಲೆ 2014ರ ಬಿಎಂಜೆ ಲೇಖನ ತೆಗೆದೆ. 631 ಜನ, ಸುಮಾರು ಎರಡು ವರ್ಷ, ಅದೇ ರೀತಿಯ ಕರೆ, ಅದೇ ರೀತಿಯ ಚಿತ್ರ. ಫಲಿತಾಂಶ: ಕರೆ ಬಂದವರಿಗೂ ಬಾರದವರಿಗೂ ವ್ಯತ್ಯಾಸವೇ ಇಲ್ಲ!

ಬರೆದವರಲ್ಲಿ ಹಲವರು ಎರಡರಲ್ಲೂ ಇದ್ದಾರೆ. ಈಗ ನಾನು ಯಾವುದನ್ನು ಹಿಡಿದು ಯೋಜನೆ ಬರೆಯಲಿ? ಇನ್ನೊಂದು, ನಿಮ್ಮ ಮನೆಯಲ್ಲಿ ದಿನಾ ಮಾತ್ರೆ ತಗೊಳ್ಳೋರು ಯಾರು, ಫೋನ್ ಯಾರ ಕೈಯಲ್ಲಿ ಇರುತ್ತೆ, ದಯವಿಟ್ಟು ಬರೆಯಿರಿ. ಮಲೆನಾಡಿನವರ ಮಾತು ನನಗೆ ಬೇಕು.

ಅಂಕಿ ಮಾಸ್ತರ್

ಒಳ್ಳೆಯ ಪ್ರಶ್ನೆ. ಎರಡೂ ನಿಜ. ಆದರೆ ಎರಡರ ತೂಕ ಬೇರೆ ಬೇರೆ.

2012ರದ್ದರಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಅಷ್ಟೇ. ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ ಅಂತ ಗೊತ್ತಾದರೆ ಜನ ಸ್ವಲ್ಪ ಶಿಸ್ತಾಗುತ್ತಾರೆ. ಆ ಕರೆಗಳಿಂದ ಏರಿತೋ, ಗಮನಿಸಿದ್ದರಿಂದ ಏರಿತೋ ಹೇಳೋಕಾಗಲ್ಲ. 2014ರದ್ದರಲ್ಲಿ ಲಾಟರಿ ಎತ್ತಿದ ಹಾಗೆ ಅರ್ಧ ಜನರನ್ನು ಈ ಕಡೆ, ಅರ್ಧ ಜನರನ್ನು ಆ ಕಡೆ ಹಾಕಿದ್ದಾರೆ. ಅಳೆದದ್ದು ಏನು ನೋಡಿ: ರಕ್ತದಲ್ಲಿ ವೈರಸ್ ಮತ್ತೆ ಏರಿತಾ, ಏರಿದ್ದರೆ ಯಾವಾಗ. ರೋಗಿ ಬಾಯಲ್ಲಿ "ತಗೊಂಡೆ" ಅನ್ನಬಹುದು, ರಕ್ತದ ಪರೀಕ್ಷೆಯಲ್ಲಿ ಅದನ್ನು ಹೇಳಿಸಲು ಆಗಲ್ಲ.

ನನಗೆ ಈ ತಂಡದ ಮೇಲೆ ಗೌರವ ಬರುವುದು ಎರಡನೆಯ ಲೇಖನಕ್ಕೆ. ತಮ್ಮದೇ ಮೊದಲ ಫಲಿತಾಂಶವನ್ನು ಇನ್ನೂ ಕಠಿಣವಾಗಿ ಪರೀಕ್ಷಿಸಿದರು. ಉತ್ತರ "ಇಲ್ಲ" ಅಂತ ಬಂದಾಗ ದೊಡ್ಡ ಪತ್ರಿಕೆಯಲ್ಲೇ ಹಾಗಂತ ಪ್ರಕಟಿಸಿದರು. ಎಷ್ಟೋ ಕಡೆ ಇಂಥದ್ದು ಬೀರುವಿನಲ್ಲೇ ಉಳಿದುಬಿಡುತ್ತೆ.

ಕೋಡ್ ಮಲ್ನಾಡ್

ಸಾರ್, ಅದು ಕೀಪ್ಯಾಡ್ ಫೋನಿನ ಕಾಲ. ಈಗ ವಾಟ್ಸಾಪ್ ಇದೆ, ವಾಯ್ಸ್ ನೋಟ್ ಇದೆ. 2016ರಲ್ಲಿ ಜಾಮಾದ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ 16 ಪ್ರಯೋಗಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದ್ದರು, 2742 ರೋಗಿಗಳು. ಎಸ್ಸೆಮ್ಮೆಸ್ ಬಂದರೆ ಮಾತ್ರೆ ತಪ್ಪದೆ ತಗೊಳ್ಳುವವರಿಗೂ ತಪ್ಪಿಸುವವರಿಗೂ ಇರುವ ಅನುಪಾತ (ಆಡ್ಸ್) ಸುಮಾರು ಎರಡು ಪಟ್ಟು. ಅಂದರೆ ಶೇ. 50 ಇರುವ ಕಡೆ ಶೇ. 68ರ ಹತ್ತಿರ ಹೋಗಬಹುದು ಅಂತ. ಒಂದು ಪ್ರಯೋಗ ಸೋತಿತು ಅಂತ ಇಡೀ ದಾರಿ ಬಿಡಬೇಕಾ?

ಅಂಕಿ ಮಾಸ್ತರ್

ಆ ಲೇಖನವನ್ನು ಪೂರ್ತಿ ಓದಿ. ಆ 16ರಲ್ಲಿ ಹೆಚ್ಚಿನವು ರೋಗಿಯನ್ನೇ ಕೇಳಿ ಬರೆದುಕೊಂಡವು. ಅರ್ಧದಷ್ಟು ಪ್ರಯೋಗಗಳು ನಡೆದದ್ದು 12 ವಾರ ಅಥವಾ ಅದಕ್ಕೂ ಕಡಿಮೆ. ಬಿಪಿ ಮಾತ್ರೆ 12 ವಾರದ ವ್ರತ ಅಲ್ಲ. ಬರೆದವರೇ ಎಚ್ಚರಿಕೆಯಿಂದ ನೋಡಿ ಅಂತ ಹೇಳಿದ್ದಾರೆ.

ಕೌಂಟರ್ ಹಿಂದಿನವ

ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ನೀವೆಲ್ಲ ಜನ ಮರೆತು ಬಿಡ್ತಾರೆ ಅಂತಲೇ ಮಾತಾಡ್ತಿದ್ದೀರಿ. ನನ್ನ ಕೌಂಟರಿಗೆ ಬರುವವರಲ್ಲಿ ಮರೆತವರಿಗಿಂತ ಬಿಟ್ಟವರೇ ಜಾಸ್ತಿ ಮಾರಾಯ್ರೆ.

ಬಿಪಿ ಚೆಕ್ ಮಾಡಿಸಿದೆ, ನಾರ್ಮಲ್ ಬಂತು, ಇನ್ನು ಯಾಕೆ ಅಂತ ನಿಲ್ಲಿಸಿದವರು ಮೊದಲನೇ ಸಾಲಲ್ಲಿ. ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿದ್ದು ಅಂತ ಹೇಳಿದರೆ ಮುಖ ನೋಡ್ತಾರೆ. ಆಮ್ಲೋಡಿಪಿನ್ ತಗೊಂಡು ಕಾಲು ಊದಿತು ಅಂತ ಬಿಟ್ಟವರು. ಎನಲಾಪ್ರಿಲ್, ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದು, ಅದಕ್ಕೆ ನನ್ನ ಹತ್ರ ಕೆಮ್ಮಿನ ಸಿರಪ್ ಕೇಳಿಕೊಂಡು ಬಂದವರು. ಮೆಟ್‌ಫಾರ್ಮಿನ್ ತಗೊಂಡರೆ ಹೊಟ್ಟೆ ಕೆಡುತ್ತೆ ಅಂತ ಮದುವೆ, ತಿಥಿ ಇದ್ದ ದಿನ ಬಿಡುವವರು. ಒಂದ್ಸಲ ಶುರು ಮಾಡಿದರೆ ಜೀವನಪೂರ್ತಿ ಬಿಡೋ ಹಾಗಿಲ್ಲ ಅನ್ನೋ ಭಯಕ್ಕೆ ಶುರುವೇ ಮಾಡದವರು. ಅರ್ಧ ಸ್ಟ್ರಿಪ್ ಕೇಳಿ ತಗೊಂಡು, ದಿನ ಬಿಟ್ಟು ದಿನ ನುಂಗಿ ಎಳೆಯುವವರು. ಅವರಿಗೆ ಜನೌಷಧಿ ಅಂಗಡಿ ಎಲ್ಲಿದೆ ಅಂತ ನಾನೇ ದಾರಿ ತೋರಿಸ್ತೇನೆ.

ಇವರಲ್ಲಿ ಯಾರಿಗೆ "ಮಾತ್ರೆ ತೆಗೆದುಕೊಳ್ಳಿ" ಅಂತ ಎಸ್ಸೆಮ್ಮೆಸ್ ಬಂದರೆ ಉಪಯೋಗ? ಕಾಲು ಊದಿದವರಿಗೆ ಬೇರೆ ಮಾತ್ರೆ ಬೇಕು. ಅದನ್ನು ಡಾಕ್ಟರೇ ಬರೆದುಕೊಡಬೇಕು.

ಸಾಗರದ ಸೊಸೆ

ಕೌಂಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮತ್ತೆಗೆ ಬಿಪಿ, ಶುಗರ್ ಎರಡೂ ಇದೆ. ಫೋನ್ ಇದೆ, ಆದರೆ ಅದು ಇರೋದು ಜಗಲಿ ಕಿಟಕಿಯಲ್ಲಿ. ಸಿಗ್ನಲ್ ಸಿಗೋದು ಅಲ್ಲಿ ಮಾತ್ರ. ಅವರು ಇರೋದು ಅಡುಗೆಮನೆ, ಹಿತ್ತಲು, ಕೊಟ್ಟಿಗೆ. ಮೆಸೇಜ್ ಬಂದ ಸದ್ದೂ ಕೇಳಲ್ಲ. ಸಾಗರ ಪೇಟೆಗೆ ಹೋದಾಗ ಒಂದು ವಾರದ್ದೆಲ್ಲ ಒಟ್ಟಿಗೆ ಬಂದು ಬೀಳುತ್ತೆ. ಬ್ಯಾಂಕಿನದು, ರೀಚಾರ್ಜಿಂದು, ಬಹುಮಾನ ಬಂದಿದೆ ಅನ್ನೋ ಮೋಸದ್ದು, ಎಲ್ಲ ಇಂಗ್ಲಿಷಲ್ಲಿ. ಕನ್ನಡ ಪೇಪರ್ ದಿನಾ ಓದೋರು ಮೆಸೇಜ್ ತೆರೆದೇ ನೋಡಲ್ಲ.

ಹೊಸನಗರದ ಮಳೆ

ಸಿಗ್ನಲ್ ವಿಷಯ ಬಂತಲ್ಲ, ಹೇಳಲೇಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿಯೂ ಖಾಲಿ. ಆಮೇಲೆ ಮೂರು ದಿನ ಫೋನ್ ಅಂದರೆ ಬರೀ ಟಾರ್ಚು. ಲಾಕ್‌ಡೌನಲ್ಲಿ ನಮ್ಮ ಮಕ್ಕಳು ಗುಡ್ಡ ಹತ್ತಿ ಆನ್‌ಲೈನ್ ಕ್ಲಾಸ್ ಕೇಳಿದ್ದನ್ನು ಎಲ್ಲರೂ ನೋಡಿದ್ದಾರೆ. ಶುಗರ್ ಇರೋ ಅಜ್ಜ ಮಾತ್ರೆ ಜ್ಞಾಪಿಸಿಕೊಳ್ಳೋಕೆ ಗುಡ್ಡ ಹತ್ತಬೇಕಾ?

ಕೋಡ್ ಮಲ್ನಾಡ್

ಅದಕ್ಕೆ ನೆಟ್‌ವರ್ಕ್ ಬೇಡದ ದಾರಿ ಇದೆ. ಫೋನಲ್ಲೇ ಅಲಾರಾಂ ಇಟ್ಟರೆ ಆಯಿತು.

ಹೊಸನಗರದ ಮಳೆ

ಅಲಾರಾಂಗೆ ಆರೋಗ್ಯ ಸಂಶೋಧನೆ ಬೇಕಾ ಹಾಗಾದ್ರೆ?

ಅಂಕಿ ಮಾಸ್ತರ್

ಬೇಕು. ನೆಟ್‌ವರ್ಕ್ ಬೇಡದ ಇಂಥ ಸಾಧನಗಳನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 53,480 ಜನ ಇದ್ದರು. ಕೆಲವರಿಗೆ ವಾರದ ಮಾತ್ರೆ ಡಬ್ಬಿ, ಕೆಲವರಿಗೆ ಎಷ್ಟು ಹೊತ್ತಿನ ಹಿಂದೆ ತೆರೆದಿರಿ ಅಂತ ತೋರಿಸುವ ಮುಚ್ಚಳ, ಕೆಲವರಿಗೆ ದಿನ ಗುರುತು ಮಾಡುವ ಪಟ್ಟಿ ಕೊಟ್ಟರು. ಏನೂ ಕೊಡದವರಿಗಿಂತ ಯಾರೂ ಹೆಚ್ಚು ಮಾತ್ರೆ ತೆಗೆದುಕೊಳ್ಳಲಿಲ್ಲ. ಡಬ್ಬಿ ಕೊಟ್ಟು ಕೈ ತೊಳೆದುಕೊಂಡರೆ ಆಗಲ್ಲ ಅಂತ ಅದರಿಂದ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಇದೆಯಲ್ಲ, ಶ್ರೀಮಂತ ದೇಶಗಳಲ್ಲೂ ದೀರ್ಘ ಕಾಯಿಲೆಯವರಲ್ಲಿ ಸರಾಸರಿ ಅರ್ಧದಷ್ಟು ಜನ ಮಾತ್ರ ಸರಿಯಾಗಿ ತೆಗೆದುಕೊಳ್ತಾರೆ ಅಂತ. ಅಲ್ಲಿ ಟವರ್ ಸಮಸ್ಯೆ ಇರಲಿಲ್ಲ.

ನಿವೃತ್ತ ಸಿಸ್ಟರ್

ನಾನು ಕ್ಷಯರೋಗ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಮಾತ್ರೆ ತಪ್ಪಿಸಿದರೆ ಏನಾಗುತ್ತೆ ಅಂತ ಟಿಬಿಯಲ್ಲಿ ಕಂಡಷ್ಟು ಬೇರೆ ಕಡೆ ಕಾಣಲ್ಲ. ಔಷಧಿಗೇ ಬಗ್ಗದ ಟಿಬಿ ಆಗಿ ಬರುತ್ತದೆ. ಅದಕ್ಕೇ ಮೊದಲು ಕಣ್ಣೆದುರು ನುಂಗಿಸುವ ಡಾಟ್ಸ್ ಪದ್ಧತಿ ಇತ್ತು. ವಾರಕ್ಕೆ ಮೂರು ದಿನ ಬರಬೇಕಿತ್ತು. 2017ರಿಂದ ದೇಶದಲ್ಲಿ ದಿನಾ ಮಾತ್ರೆ ಕೊಡುವ ಪದ್ಧತಿಗೆ ಬಂದರು. ಕೂಲಿ ಬಿಟ್ಟು ದಿನಾ ಆಸ್ಪತ್ರೆಗೆ ಬರಲು ಯಾರಿಗೆ ಆಗುತ್ತೆ?

ಆಗ ಬಂದದ್ದು 99ಡಾಟ್ಸ್. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ ಉಪಾಯ, ನನಗೆ ಬಹಳ ಇಷ್ಟವಾಗಿತ್ತು. ಮಾತ್ರೆಯ ಸ್ಟ್ರಿಪ್ಪಿಗೆ ಒಂದು ಕಾಗದದ ಹೊದಿಕೆ. ಮಾತ್ರೆ ಒತ್ತಿ ತೆಗೆದಾಗ ಮಾತ್ರ ಅದರ ಹಿಂದೆ ಒಂದು ನಂಬರ್ ಕಾಣುತ್ತದೆ. ಅದಕ್ಕೆ ಉಚಿತ ಕರೆ ಕೊಟ್ಟರೆ ಇವತ್ತು ತೆಗೆದುಕೊಂಡರು ಅಂತ ದಾಖಲಾಗುತ್ತದೆ. ನಂಬರ್ ಊಹಿಸಲು ಆಗಲ್ಲ. ಸಾದಾ ಫೋನ್ ಸಾಕು, ಓದಲು ಬರಬೇಕಾಗಿಯೂ ಇಲ್ಲ.

ಆದರೆ ನಂತರ ಸಂಶೋಧಕರು ಕರೆ ದಾಖಲೆಯನ್ನು ರೋಗಿಯ ಮೂತ್ರದಲ್ಲಿ ಸಿಗುವ ಔಷಧಿಯ ಅಂಶದ ಜೊತೆ ಹೋಲಿಸಿ ನೋಡಿದಾಗ ಎರಡೂ ಸರಿಯಾಗಿ ತಾಳೆಯಾಗಲಿಲ್ಲ. ನುಂಗಿದವರು ಕರೆ ಮಾಡಿರಲಿಲ್ಲ, ಕರೆ ಮಾಡಿದ ಕೆಲವರು ನುಂಗಿರಲಿಲ್ಲ. ನಮ್ಮ ಅನುಭವವೂ ಅದೇ. ಎಷ್ಟೋ ಜನ ಮಾತ್ರೆ ತಗೊಂಡು ಫೋನ್ ಮಾಡದೇ ಇರ್ತಿದ್ದರು. ಕರೆನ್ಸಿ ಇಲ್ಲ ಅಂತಿದ್ದರು, ಮಗ ಫೋನ್ ತಗೊಂಡು ಹೋಗಿದ್ದಾನೆ ಅಂತಿದ್ದರು. ಉಚಿತ ಅಂತ ಹೇಳಿದರೂ ನಂಬುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಅವರ ಹೆಸರು ಕೆಂಪಾಗಿರುತ್ತಿತ್ತು. ಮನೆಗೆ ಹೋದರೆ ಸ್ಟ್ರಿಪ್ ಖಾಲಿ! ಆದರೂ ಆ ಕೆಂಪು ಗುರುತಿನಿಂದ ನಾವು ಅವರ ಮನೆಗೆ ಹೋಗುವಂತಾಯಿತಲ್ಲ, ಅದು ದೊಡ್ಡದು.

ಆಶಾ ಅಕ್ಕ

ಸಿಸ್ಟರ್, ಮನೆಗೆ ಹೋಗುವವರು ನಾವು. ಈಗಾಗಲೇ ನಮ್ಮ ಫೋನಲ್ಲಿ ಆ್ಯಪ್ ಮೇಲೆ ಆ್ಯಪ್. ತುಂಗಾತೀರ ತಮ್ಮಾ, ದಯವಿಟ್ಟು ಇನ್ನೊಂದು ಆ್ಯಪ್ ತರಬೇಡ. ರೋಗಿ ಉತ್ತರ ಕಳಿಸಿದರೆ ಅದನ್ನು ನೋಡೋರು ಯಾರು, ಅದನ್ನು ಮೊದಲು ಬರಿ.

ತುಂಗಾತೀರ

ಅಕ್ಕಾ, ನೀವು ಕೇಳಿದ ಪ್ರಶ್ನೆಯೇ ನನಗೆ ಈಗ ಮುಖ್ಯ ಅನ್ನಿಸ್ತಿದೆ. ನಿನ್ನೆಯಿಂದ ಬೇರೆ ದೇಶದ ಲೇಖನಗಳನ್ನು ಇದೇ ಕಣ್ಣಲ್ಲಿ ಓದುತ್ತಿದ್ದೇನೆ.

ಕೀನ್ಯಾದಲ್ಲಿ ನಡೆದು 2010ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಯೋಗದಲ್ಲಿ 538 ಎಚ್‌ಐವಿ ರೋಗಿಗಳು. ಅಲ್ಲಿ ಮಾತ್ರೆ ನೆನಪಿಸಲೇ ಇಲ್ಲ. ವಾರಕ್ಕೊಮ್ಮೆ ಹೇಗಿದ್ದೀರಿ ಅಂತ ಒಂದು ಸಂದೇಶ, ಅಷ್ಟೇ. ಚೆನ್ನಾಗಿದ್ದೇನೆ ಅಥವಾ ತೊಂದರೆ ಇದೆ ಅಂತ ರೋಗಿ ಎರಡು ದಿನದ ಒಳಗೆ ಉತ್ತರಿಸಬೇಕು. ತೊಂದರೆ ಅಂದವರಿಗೂ, ಉತ್ತರ ಕೊಡದವರಿಗೂ ನರ್ಸ್ ಫೋನ್ ಮಾಡುತ್ತಿದ್ದರು. ಮಾತ್ರೆ ಸರಿಯಾಗಿ ತೆಗೆದುಕೊಂಡವರು ಸಂದೇಶದ ಗುಂಪಿನಲ್ಲಿ ಶೇ. 62, ಇಲ್ಲದ ಗುಂಪಿನಲ್ಲಿ ಶೇ. 50. ಅದು ರೋಗಿಗಳೇ ಹೇಳಿದ ಲೆಕ್ಕ, ಹೌದು. ಆದರೆ ರಕ್ತದಲ್ಲಿ ವೈರಸ್ ಹತೋಟಿಗೆ ಬಂದವರೂ ಶೇ. 48ರ ಬದಲು ಶೇ. 57 ಇದ್ದರು. ಅದೇ ದೇಶದ ಇನ್ನೊಂದು ಪ್ರಯೋಗ 2011ರಲ್ಲಿ ಬಂತು. ವಾರಕ್ಕೊಂದು ಸಂದೇಶ ಬಂದವರಲ್ಲಿ ಶೇ. 53 ಜನ ಚೆನ್ನಾಗಿ ತೆಗೆದುಕೊಂಡರು, ಬಾರದವರಲ್ಲಿ ಶೇ. 40. ದಿನಾ ಸಂದೇಶ ಬಂದವರಿಗೆ ಮಾತ್ರ ಏನೂ ಲಾಭವಾಗಲಿಲ್ಲ!

ಈಗ ಟಿಬಿ ನೋಡಿ. ಕರಾಚಿಯಲ್ಲಿ 2,207 ರೋಗಿಗಳಿಗೆ ದಿನಾ ಎಸ್ಸೆಮ್ಮೆಸ್ ಹೋಯಿತು. ಅವರು ತಿರುಗಿ ಉತ್ತರ ಕಳಿಸಬೇಕು, ಕಳಿಸದಿದ್ದರೆ ಮತ್ತೆ ಸಂದೇಶ. 2016ರಲ್ಲಿ ಫಲಿತಾಂಶ ಬಂತು, ವ್ಯತ್ಯಾಸ ಇಲ್ಲ. ನೈರೋಬಿಯಲ್ಲೂ ದಿನಾ ಸಂದೇಶ, ದಿನಾ ಉತ್ತರ. ಆದರೆ ಅಲ್ಲಿ ಉತ್ತರಿಸದವರನ್ನು ಒಬ್ಬ ಮನುಷ್ಯ ಫೋನ್ ಮಾಡಿ ಮಾತಾಡಿಸುತ್ತಿದ್ದ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ಪ್ರಕಾರ ಚಿಕಿತ್ಸೆ ಯಶಸ್ವಿಯಾಗದವರು ಶೇ. 13.1ರಿಂದ ಶೇ. 4.2ಕ್ಕೆ ಇಳಿದಿದ್ದರು.

ಬೆಂಗಳೂರಿನ ಕೆಲಸದಲ್ಲಿ ಕರೆ ಮಾಡಿದ್ದು ಯಂತ್ರ. ಮಾತ್ರೆ ತೆಗೆದುಕೊಂಡಿದ್ದರೆ ಒಂದು ಗುಂಡಿ, ಇಲ್ಲದಿದ್ದರೆ ಇನ್ನೊಂದು. ಹಾಗಾದರೆ ಸಂದೇಶದ ಆ ಕಡೆ ಮನುಷ್ಯ ಇದ್ದಾನಾ ಇಲ್ಲವಾ ಅನ್ನುವುದೇ ವ್ಯತ್ಯಾಸ ಅಲ್ವಾ?

ಅಂಕಿ ಮಾಸ್ತರ್

ಒಳ್ಳೆಯ ಊಹೆ. ಆದರೆ ಊಹೆ ಅಂತಲೇ ಬರೆಯಿರಿ. ಕರಾಚಿ ಬೇರೆ, ನೈರೋಬಿ ಬೇರೆ. ರೋಗಿಗಳು ಬೇರೆ, ಆಸ್ಪತ್ರೆ ಬೇರೆ. ಎರಡು ಊರಿನ ಎರಡು ಪ್ರಯೋಗವನ್ನು ಪಕ್ಕ ಪಕ್ಕ ಇಟ್ಟು ಕಾರಣ ಇದೇ ಅನ್ನೋಕೆ ಬರಲ್ಲ. ಬೆಂಗಳೂರಿನ ರೋಗಿಗಳು ಮೊದಲೇ ಚೆನ್ನಾಗಿ ಮಾತ್ರೆ ತಗೊಳ್ತಿದ್ದರು, ಆಪ್ತ ಸಲಹೆ ಸಿಗುತ್ತಿತ್ತು. ಅಲ್ಲಿ ಏರಲು ಜಾಗವೇ ಕಡಿಮೆ. ಅದೂ ಒಂದು ಕಾರಣ ಇರಬಹುದು. ಚೀನಾದಲ್ಲಿ ನೋಡಿ, 2015ರ ಟಿಬಿ ಪ್ರಯೋಗದಲ್ಲಿ ಬರೀ ಎಸ್ಸೆಮ್ಮೆಸ್ ಕೆಲಸ ಮಾಡಲಿಲ್ಲ. ತೆರೆದಾಗಲೆಲ್ಲ ದಾಖಲಿಸಿಕೊಂಡು ಸದ್ದು ಮಾಡಿ ನೆನಪಿಸುವ ಔಷಧಿ ಡಬ್ಬಿ ಕೆಲಸ ಮಾಡಿತು. ಡಬ್ಬಿಯಲ್ಲಿ ಯಾವ ಮನುಷ್ಯ ಇದ್ದ?

ನಿವೃತ್ತ ಸಿಸ್ಟರ್

ಇದ್ದ ಮಾಸ್ತರೇ. ತಿಂಗಳಿಗೊಮ್ಮೆ ಡಾಕ್ಟರ್ ಆ ಡಬ್ಬಿಯ ದಾಖಲೆ ತೆಗೆದು ನೋಡಿ, ತಪ್ಪಿಸಿದವರ ಜೊತೆ ಕೂತು ಮಾತಾಡುವ ಏರ್ಪಾಡು ಅಲ್ಲಿ ಇತ್ತು.

ಅಂಕಿ ಮಾಸ್ತರ್

ಅದು ಸರಿ. ಒಪ್ಪಿದೆ.

ಕೋಡ್ ಮಲ್ನಾಡ್

ನಮ್ಮ ದೇಶದ್ದೇ ಇನ್ನೊಂದು ದೊಡ್ಡದಿದೆ, ಅದನ್ನೂ ಓದಿ. ಪಾರ್ಶ್ವವಾಯು ಆದವರಿಗೆ 31 ಕೇಂದ್ರಗಳಲ್ಲಿ ನಡೆದ ಸ್ಪ್ರಿಂಟ್ ಇಂಡಿಯಾ. 12 ಭಾಷೆಗಳಲ್ಲಿ ಎಸ್ಸೆಮ್ಮೆಸ್, ವಿಡಿಯೊ, ಒಂದು ಪುಸ್ತಕ. ಒಂದು ವರ್ಷದಲ್ಲಿ ಮತ್ತೆ ಸ್ಟ್ರೋಕ್, ಹೃದಯಾಘಾತ, ಸಾವು ಕಡಿಮೆಯಾಗಲಿಲ್ಲ ಅಂತ 2023ರಲ್ಲಿ ಪ್ರಕಟಿಸಿದರು. ಎಲ್ಲರೂ ಸೋತಿತು ಅಂತ ಬರೆದರು. ಆದರೆ ಔಷಧಿ ತೆಗೆದುಕೊಳ್ಳುವುದು ಆ ಗುಂಪಿನಲ್ಲಿ ಸ್ವಲ್ಪ ಸುಧಾರಿಸಿತ್ತು. ಒಂದು ವರ್ಷ ಸಾಲದೇನೋ. ಮಾತ್ರೆ ನುಂಗಿದ ಲಾಭ ಕಾಣೋಕೆ ಎಷ್ಟು ಕಾಲ ಬೇಕು ಅನ್ನೋದೂ ಲೆಕ್ಕಕ್ಕೆ ಬರಬೇಕಲ್ವಾ ಸಾರ್?

ಅಂಕಿ ಮಾಸ್ತರ್

ಬರಬೇಕು. ಅದಕ್ಕೇ ಏನನ್ನು ಅಳೆಯುತ್ತೇವೆ ಅಂತ ಮೊದಲೇ ಬರೆದಿಡಬೇಕು. ಆಮೇಲೆ ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳುವ ಹಾಗಿಲ್ಲ.

ತೋಟದ ಮನೆ

ಓದುತ್ತಾ ಇದ್ದೆ, ನಮ್ಮ ಅಪ್ಪಯ್ಯನ ವಿಷಯ ಹೇಳ್ತೇನೆ. ಅವರಿಗೆ ಬೆಳಿಗ್ಗೆ ಒಂದು ಬಿಪಿ ಮಾತ್ರೆ. ವರ್ಷದಲ್ಲಿ ಹೆಚ್ಚು ಕಾಲ ಯಾರೂ ನೆನಪಿಸಬೇಕಾಗಿಲ್ಲ. ಕಾಫಿ ಲೋಟದ ಪಕ್ಕ ಡಬ್ಬಿ, ತಿಂಡಿ ಆಯಿತು, ಮಾತ್ರೆ ಆಯಿತು. ತಪ್ಪೋದು ಅಡಿಕೆ ಕೊಯ್ಲಿನ ಕಾಲದಲ್ಲಿ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರ್ತಾನೆ ಅಂದರೆ ಬೆಳಕು ಹರಿಯೋ ಮುಂಚೆ ತೋಟಕ್ಕೆ ಇಳೀತಾರೆ. ತಿಂಡಿ ತೋಟಕ್ಕೇ ಹೋಗುತ್ತೆ, ಡಬ್ಬಿ ಮನೆಯಲ್ಲೇ. ರಾತ್ರಿ ಅಡಿಕೆ ಸುಲಿಯೋಕೆ ಕೂತರೆ ಹನ್ನೊಂದು ಗಂಟೆ. ಆಗ ನೆನಪಾದರೂ "ಇನ್ನೇನು, ನಾಳೆ ತಗೊಂಡರಾಯ್ತು" ಅಂತಾರೆ. ಅವರ ಬಿಪಿ ಏರಿ ತಲೆ ಸುತ್ತು ಬಂದು ಆಸ್ಪತ್ರೆಗೆ ಕರಕೊಂಡು ಹೋಗಿದ್ದೂ ಅದೇ ಕಾಲದಲ್ಲಿ.

ಅತ್ತಿಗೆ ಒಂದು ಕೆಲಸ ಮಾಡಿದರು. ಕೊಯ್ಲಿನ ದಿನಗಳಲ್ಲಿ ತಿಂಡಿ ಕ್ಯಾರಿಯರ್ ಮೇಲಿನ ಡಬ್ಬದಲ್ಲೇ ಮಾತ್ರೆ ಇಟ್ಟು ಕಳಿಸಿದರು. ಈಗ ತಪ್ಪಲ್ಲ. ನಾನು ಹೇಳೋದು ಇಷ್ಟೇ, ನೀವು ಬೆಳಿಗ್ಗೆ ಎಂಟು ಗಂಟೆಗೆ ಮೆಸೇಜ್ ಕಳಿಸಿದರೆ ಆ ಹೊತ್ತಿಗೆ ಅವರು ಎಲ್ಲಿ ಇರ್ತಾರೆ ಅಂತ ನಿಮಗೆ ಗೊತ್ತಿರಬೇಕು. ಪ್ರಾಜೆಕ್ಟ್ ಯಾವ ತಿಂಗಳಲ್ಲಿ ಮಾಡ್ತೀರಿ ಅನ್ನೋದೂ ಮುಖ್ಯ. ಮಳೆಗಾಲದಲ್ಲಿ ಮಾಡಿದರೆ ಒಂದು ಉತ್ತರ, ಕೊಯ್ಲಲ್ಲಿ ಮಾಡಿದರೆ ಇನ್ನೊಂದು.

ಸಾಗರದ ಸೊಸೆ

ತಿಂಡಿ ಕ್ಯಾರಿಯರ್ ಉಪಾಯ ಬಹಳ ಚೆನ್ನಾಗಿದೆ. ಸಕ್ಕರೆ ಮಾತ್ರೆಗೂ ಆಗುತ್ತೆ, ಊಟದ ಜೊತೆಗೇ ಬೇಕಲ್ಲ.

ಕಾನು ಹಕ್ಕಿ

ಯಾರೂ ಎತ್ತದ ಒಂದು ವಿಷಯ ಇದೆ. ನಮ್ಮ ನೆಂಟರ ಪೈಕಿ ಒಬ್ಬ ಹುಡುಗಿಗೆ ಮೂರ್ಛೆ ರೋಗದ ಮಾತ್ರೆ. ಮದುವೆಯಾದ ಮನೆಯಲ್ಲಿ ಹೇಳಿಲ್ಲ. ಒಂದು ಆಸ್ಪತ್ರೆಯಿಂದ ಅವಳ ಫೋನಿಗೆ ಕಾಯಿಲೆಯ ಹೆಸರು ಸಮೇತ ಸಂದೇಶ ಬಂತು, ಫೋನ್ ಗಂಡನ ತಮ್ಮನ ಕೈಯಲ್ಲಿತ್ತು. ಮುಂದೆ ಆದದ್ದನ್ನು ಇಲ್ಲಿ ಬರೆಯಲಾರೆ. ಅವಳು ಎಷ್ಟೋ ಕಾಲ ಆ ಮಾತ್ರೆ ಮುಟ್ಟಲೇ ಇಲ್ಲ. ನೆನಪಿಸುವ ಸಂದೇಶವೇ ಮಾತ್ರೆ ಬಿಡಿಸಿತು. ಹಳ್ಳಿಯಲ್ಲಿ ಒಂದು ಫೋನ್ ಅಂದರೆ ಇಡೀ ಮನೆಯದ್ದು. ದಯವಿಟ್ಟು ಇದನ್ನು ಮರೆಯಬೇಡಿ.

ತುಂಗಾತೀರ

ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ. ಬೆಂಗಳೂರಿನ ತಂಡ ಇದನ್ನು ಯೋಚಿಸಿತ್ತು. ಅವರು ಕಳಿಸುತ್ತಿದ್ದ ಚಿತ್ರದಲ್ಲಿ ಎಚ್‌ಐವಿ, ಮಾತ್ರೆ ಯಾವುದರ ಸುಳಿವೂ ಇರದ ಹಾಗೆ ನೋಡಿಕೊಂಡಿದ್ದರು. ಬೇರೆ ಯಾರು ನೋಡಿದರೂ ಒಂದು ಸುಮ್ನೆ ಚಿತ್ರ. ಸಂದೇಶ ರೋಗಿಗಳಿಗೆ ಹೇಗನ್ನಿಸಿತು ಅಂತಲೇ ಕೇಳಿ ಬೇರೆ ಲೇಖನವನ್ನೂ ಬರೆದಿದ್ದಾರೆ. ನಾನು ಬಿಪಿ, ಶುಗರ್‌ನಲ್ಲಿ ಏನು ಮುಚ್ಚುಮರೆ ಅಂದುಕೊಳ್ಳದೆ ಅದೇ ಎಚ್ಚರ ಇಟ್ಟುಕೊಳ್ತೇನೆ.

ಹೊಸನಗರದ ಮಳೆ

ವಿಷಯ ಸ್ವಲ್ಪ ಬೇರೆ, ಆದರೂ ಕೇಳ್ತೇನೆ. ಮಂಗನ ಕಾಯಿಲೆಗೆ ಲಸಿಕೆ ಹಾಕ್ತಿದ್ದಾಗ ಎರಡನೇ ಡೋಸಿಗೆ ಜನ ಬರ್ತಿರಲಿಲ್ಲ ಅಂತ ಆಗ ಬೈತಿದ್ದರಲ್ಲ, ಅದೂ ಇದೇ ತರಹದ್ದಲ್ವಾ? 2019ರಲ್ಲಿ ಅರಳಗೋಡಿನಲ್ಲಿ ಆ ಕಾಯಿಲೆಗೆ ಜನ ಸತ್ತದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ನಿವೃತ್ತ ಸಿಸ್ಟರ್

ಹೌದು, ಅದೂ ಇದೇ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಒಮ್ಮೆ ನೋವು ತಿಂದವರು ಮತ್ತೆ ಬರುತ್ತಿರಲಿಲ್ಲ, ಕೂಲಿ ತಪ್ಪುತ್ತೆ ಅಂತಲೂ ಬರುತ್ತಿರಲಿಲ್ಲ. 2005ರಿಂದ 2010ರ ಮಾಹಿತಿ ನೋಡಿ ಬರೆದ ಅಧ್ಯಯನದಲ್ಲಿ ಎರಡು ಡೋಸಿಗೆ ಶೇ. 62.4 ರಕ್ಷಣೆ, ಬೂಸ್ಟರ್ ಸೇರಿದರೆ ಶೇ. 82.9 ಅಂತ ಬಂತು. ಆಮೇಲೆ ಆ ಲಸಿಕೆಯನ್ನೇ ನಿಲ್ಲಿಸಿದರು. ಜನರಿಗೆ ಬುದ್ಧಿ ಇಲ್ಲ ಅಂತ ಬೈದದ್ದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ. ಅವರಿಗೆ ಕಾರಣ ಇತ್ತು. ಕೇಳುವವರು ಬೇಕಿತ್ತು.

ಕೌಂಟರ್ ಹಿಂದಿನವ

ಮಂಗನ ಕಾಯಿಲೆಗೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ. ತುಂಗಾತೀರ ಅವರಿಗೆ ಒಂದು ಸಲಹೆ. ಮಾತ್ರೆ ತಗೊಂಡ್ರಾ ಅಂತ ಕೇಳಿ ಬರಕೊಂಡರೆ ಎಲ್ಲರೂ ಹೌದು ಅಂತಾರೆ. ಮಾತ್ರೆ ತಗೊಳ್ಳೋಕೆ ಯಾವಾಗ ಬಂದರು ಅಂತ ದಿನಾಂಕ ನೋಡಿ. 30 ದಿನದ ಮಾತ್ರೆ ತಗೊಂಡವರು 50 ದಿನಕ್ಕೆ ಬಂದರೆ ಉತ್ತರ ಅಲ್ಲೇ ಇದೆ.

ಆಶಾ ಅಕ್ಕ

ಅಣ್ಣ, ಅವರು ಸರಿಯಾಗಿ 30ನೇ ದಿನಕ್ಕೆ ಬಸ್ ಹಿಡಿದು ಬಂದು, ಕೇಂದ್ರದಲ್ಲಿ ಮಾತ್ರೆ ಸ್ಟಾಕ್ ಇಲ್ಲ ಅಂತ ವಾಪಸ್ ಹೋದರೆ? ಅದನ್ನೂ ಬರಕೊಳ್ಳಬೇಕು. ಎಲ್ಲ ರೋಗಿ ತಲೆಗೆ ಕಟ್ಟಬಾರದು.

ನನಗೆ ಅನ್ನಿಸೋದು ಹೀಗೆ. ರೋಗಿಗಳು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಲಿ. ಕೇಂದ್ರದ ಸಿಸ್ಟರ್ ವಾರದಲ್ಲಿ ಒಂದು ಮಧ್ಯಾಹ್ನ ಕೂತು ವಾಪಸ್ ಫೋನ್ ಮಾಡಲಿ. ಮಿಸ್ಡ್ ಕಾಲ್ ಎಲ್ಲರಿಗೂ ಬರುತ್ತೆ, ಅಜ್ಜಿಗೂ ಬರುತ್ತೆ. ಫೋನೇ ತಲುಪದ ಮನೆ ಯಾವುದು ಅಂತ ಪಟ್ಟಿ ಕೊಟ್ಟರೆ ನಾವು ಹೇಗಿದ್ದರೂ ಆ ದಾರಿಯಲ್ಲಿ ಹೋಗ್ತೇವೆ, ಆ ಮನೆ ನೋಡ್ತೇವೆ. ಆದರೆ ಅದಕ್ಕೆ ನಮಗೂ ಏನಾದರೂ ಕೊಡಬೇಕು, ಪುಕ್ಕಟೆ ಕೆಲಸ ಈಗಾಗಲೇ ಬೇಕಾದಷ್ಟಿದೆ.

ಕೋಡ್ ಮಲ್ನಾಡ್

ಇದು ಒಳ್ಳೆಯದು, ಬರೆಯೋಕೂ ಸುಲಭ. ಬಲ್ಕ್ ಎಸ್ಸೆಮ್ಮೆಸ್ ಕಳಿಸೋದಾದರೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಣಿ ಬೇಕು, ಪ್ರತಿ ಸಂದೇಶದ ನಮೂನೆಗೂ ಮೊದಲೇ ಒಪ್ಪಿಗೆ ತಗೋಬೇಕು. ವಿದ್ಯಾರ್ಥಿಗೆ ಅದೆಲ್ಲ ತಲೆನೋವು. ಮಿಸ್ಡ್ ಕಾಲ್ ಪಟ್ಟಿ ಮಾಡುವ ಸಣ್ಣ ಪ್ರೋಗ್ರಾಂ ನಾನು ಬರೆದುಕೊಡ್ತೇನೆ, ದುಡ್ಡು ಬೇಡ. ಆಶಾ ಅವರ ಫೋನಿಗೆ ಏನೂ ಹಾಕಲ್ಲ, ಕಾಗದದ ಪಟ್ಟಿಯೇ ಪ್ರಿಂಟ್ ಬರುತ್ತೆ.

ತುಂಗಾತೀರ

ಸರಿ, ಗೈಡ್ ಹತ್ತಿರ ಹೋಗುವ ಮೊದಲು ನಾನು ಬರೆದುಕೊಂಡದ್ದು ಇದು. ದಿನಾ ನೆನಪಿಸುವ ಎಸ್ಸೆಮ್ಮೆಸ್ ಬಿಟ್ಟೆ. ವಾರಕ್ಕೊಮ್ಮೆ ಮಿಸ್ಡ್ ಕಾಲ್, ಮಿಸ್ಡ್ ಕಾಲ್ ಕೊಟ್ಟವರಿಗೂ ಕೊಡದವರಿಗೂ ನರ್ಸ್ ಫೋನ್. ಹೇಗಿದ್ದೀರಿ, ಕಾಲು ಊದಿದೆಯಾ, ಕೆಮ್ಮು ಇದೆಯಾ, ಮಾತ್ರೆ ಇನ್ನೂ ಇದೆಯಾ, ಇಷ್ಟೇ ಮಾತು. ಅಡ್ಡ ಪರಿಣಾಮ ಇದ್ದವರನ್ನು ಕೇಂದ್ರದಲ್ಲಿ ಬಿಪಿ, ಶುಗರ್‌ನಂಥ ಕಾಯಿಲೆಗಳನ್ನು ನೋಡುವ ಮುಂದಿನ ಎನ್‌ಸಿಡಿ ದಿನ ಡಾಕ್ಟರ್ ನೋಡ್ತಾರೆ. ಅಳೆಯುವುದು ಎರಡು: ಮಾತ್ರೆಗೆ ಬಂದ ದಿನಾಂಕ, ಮತ್ತು ಬಿಪಿ. ಕೇಂದ್ರದಲ್ಲಿ ಸ್ಟಾಕ್ ಇಲ್ಲದ ದಿನಗಳನ್ನೂ ಬರೆದಿಡ್ತೇನೆ. ಕೊಯ್ಲಿನ ತಿಂಗಳು ಒಳಗೆ ಬರುವ ಹಾಗೆ ಮಾಡ್ತೇನೆ.

ಒಂದೇ ಹಳ್ಳಿಯಲ್ಲಿ ಅರ್ಧ ಜನಕ್ಕೆ ಫೋನ್ ಮಾಡಿ ಅರ್ಧ ಜನಕ್ಕೆ ಮಾಡದಿದ್ದರೆ ಜಗಳ ಆಗುತ್ತೆ, ಜೊತೆಗೆ ಅವರವರೇ ಮಾತಾಡಿಕೊಳ್ತಾರೆ. ಹಾಗಾಗಿ ಹಳ್ಳಿ ಹಳ್ಳಿಯಾಗಿ ಲಾಟರಿ ಎತ್ತಲಾ ಮಾಸ್ತರೇ?

ಅಂಕಿ ಮಾಸ್ತರ್

ಎತ್ತಿ, ಅದೇ ಸರಿ. ಆದರೆ ಆಗ ಲೆಕ್ಕ ಬದಲಾಗುತ್ತೆ. ಒಂದೇ ಹಳ್ಳಿಯವರು ಒಬ್ಬರಂತೆ ಒಬ್ಬರು ಇರ್ತಾರೆ, ಒಂದೇ ಬಸ್ಸು, ಒಂದೇ ಟವರ್, ಒಂದೇ ಆಶಾ. ಅದಕ್ಕೆ ಹೆಚ್ಚು ಜನ ಬೇಕಾಗುತ್ತೆ, ಅದಕ್ಕಿಂತ ಮುಖ್ಯವಾಗಿ ಹೆಚ್ಚು ಹಳ್ಳಿ ಬೇಕು. ಎರಡು ಹಳ್ಳಿ ಈ ಕಡೆ, ಎರಡು ಆ ಕಡೆ ಅಂದರೆ ಏನೂ ಹೇಳೋಕಾಗಲ್ಲ. ಎಷ್ಟು ಹಳ್ಳಿ ಸಿಗುತ್ತೆ ಬರೆಯಿರಿ, ಲೆಕ್ಕ ಹಾಕಿ ಕೊಡ್ತೇನೆ. ಮತ್ತೆ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆ ದೇಶದ ಪ್ರಯೋಗಗಳ ದಾಖಲೆ ಇಡುವ ಸಿಟಿಆರ್‌ಐನಲ್ಲಿ ನೋಂದಾಯಿಸಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ನೋಂದಾಯಿಸಲು ಬಿಡಲ್ಲ. ಎಥಿಕ್ಸ್ ಕಮಿಟಿ ಒಪ್ಪಿಗೆ ಅದಕ್ಕೂ ಮೊದಲು.

ನಿವೃತ್ತ ಸಿಸ್ಟರ್

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ನನಗೆ ಕಳಿಸಪ್ಪ. ಇಂಗ್ಲಿಷಿಂದ ಇಳಿಸಿದ ಪತ್ರಗಳನ್ನು ನಮ್ಮ ಜನ ಓದದೇ ಹೆಬ್ಬೆಟ್ಟು ಒತ್ತುತ್ತಾರೆ. ಅಂಥದ್ದು ಎಷ್ಟೋ ನೋಡಿದ್ದೇನೆ. ನಾನು ತಿದ್ದಿ ಕೊಡ್ತೇನೆ. ಫೋನ್ ಬೇರೆಯವರು ಎತ್ತಿದರೆ ನರ್ಸ್ ಏನು ಹೇಳಬೇಕು ಅನ್ನೋದನ್ನೂ ಅದರಲ್ಲೇ ಸೇರಿಸು, ಕಾನು ಹಕ್ಕಿ ಅವರು ಹೇಳಿದ್ದು ಅದಕ್ಕೆ ಬರಬೇಕು.

ತುಂಗಾತೀರ

ಭಾನುವಾರದ ಒಳಗೆ ಕಳಿಸ್ತೇನೆ ಸಿಸ್ಟರ್. ಮಾಸ್ತರೇ, ಹಳ್ಳಿಗಳ ಪಟ್ಟಿ ಆಶಾ ಅಕ್ಕನ ಹತ್ತಿರ ಕೇಳಿ ಇಲ್ಲೇ ಹಾಕ್ತೇನೆ.